ಕೊಂಕಣ ಸುತ್ತಿ ಟೋಕಿಯೊಗೆ

ಹೆಲ್ಸಿಂಕಿಯಿಂದ ಟೋಕಿಯೊ ಎಷ್ಟು ದೂರ ಎಂದು ಮೊಬೈಲನ್ನು ಕೇಳಿದರೆ, ಸುಮಾರು 7,800 ಕಿಲೋಮೀಟರ್ ಎಂದು ಥಟ್ಟನೆ ಒಪ್ಪಿಸಿಬಿಡುತ್ತದೆ. ಪಾಪ, ಭೂಮಿ ದುಂಡಗಿದೆ ಎನ್ನುವುದಷ್ಟೇ ಅದಕ್ಕೆ ಗೊತ್ತು; ಆ ಭೂಮಿಯ ಮೇಲೆ ಸರ್ಕಾರಗಳಿವೆ ಎನ್ನುವುದನ್ನು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ.

2022ರ ಆರಂಭದವರೆಗೆ ಹೆಲ್ಸಿಂಕಿಯ ಫಿನ್‌ಏರ್ ಕಂಪನಿಯ ವಿಮಾನ ಸೈಬೀರಿಯಾದ ಮೇಲೆ ಹಾರಿ, ಒಂಬತ್ತೂವರೆ ಗಂಟೆಯ ಆಸುಪಾಸಿನಲ್ಲಿ ಟೋಕಿಯೊ ಮುಟ್ಟುತ್ತಿತ್ತು. ಯುರೋಪಿನಿಂದ ಏಷ್ಯಾಕ್ಕೆ ಹತ್ತಿರದ ದಾರಿ ನಮ್ಮೂರಿನದೇ ಎಂದು ಕಂಪನಿ ಇಡೀ ವ್ಯಾಪಾರವನ್ನೇ ಅದರ ಮೇಲೆ ಕಟ್ಟಿಕೊಂಡಿತ್ತು. ಅಷ್ಟರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಯುರೋಪು ರಷ್ಯಾದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ರಷ್ಯಾ ಯುರೋಪಿನವುಗಳಿಗೆ ತನ್ನದನ್ನು ಮುಚ್ಚಿತು. ಟೋಕಿಯೊ ಇದ್ದಲ್ಲೇ ಇತ್ತು, ಹೆಲ್ಸಿಂಕಿಯೂ ಅಲುಗಲಿಲ್ಲ. ಆದರೂ ನಡುವಿನ ದಾರಿ ಹದಿಮೂರು ಗಂಟೆಯದಾಯಿತು. ಉತ್ತರ ಧ್ರುವ ದಾಟಿ, ಅಲಾಸ್ಕಾದ ಕಡೆಯಿಂದ ಬಳಸಿಕೊಂಡು ಬರಬೇಕಾಯಿತು.

ಪ್ರಯಾಣಿಕರು ಮುನಿಸಿಕೊಳ್ಳಬಾರದಲ್ಲ? ಧ್ರುವ ದಾಟಿದವರಿಗೆ ಕಂಪನಿ ಪ್ರಮಾಣಪತ್ರ ಹಂಚಿತು! ನಮ್ಮ ತಾಲ್ಲೂಕು ಕಚೇರಿಯಲ್ಲಿ ಪ್ರಮಾಣಪತ್ರಕ್ಕಾಗಿ ಗಂಟೆಗಟ್ಟಲೆ ಕೂರಬೇಕು. ಅಲ್ಲಿ ಗಂಟೆಗಟ್ಟಲೆ ಕೂತದ್ದಕ್ಕೇ ಪ್ರಮಾಣಪತ್ರ. 1983ರಲ್ಲೂ ಇದೇ ಕಂಪನಿ ಇದೇ ಟೋಕಿಯೊಗೆ ಧ್ರುವದ ಮೇಲಿಂದಲೇ ಹಾರುತ್ತಿತ್ತು, ಆಗ ಸೋವಿಯತ್ ಒಕ್ಕೂಟದ ಆಕಾಶವನ್ನು ತಪ್ಪಿಸಿ ಹೋಗಬೇಕಿತ್ತೆಂದು. ವಿಮಾನ ಹೊಸದು, ಎಂಜಿನ್ ಹೊಸದು, ಸೀಟಿನ ಮುಂದಿನ ಪರದೆ ಹೊಸದು. ದಾರಿ ಮಾತ್ರ ಅಜ್ಜನ ಕಾಲದ್ದು. ಇದಕ್ಕೇ ಪ್ರಗತಿ ಎನ್ನುವುದು.

ನಾವೇನು ಕಡಿಮೆ? ರಷ್ಯಾದ ಆಕಾಶ ನಮಗೆ ತೆರೆದೇ ಇದೆ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನಿನಲ್ಲಿ ಇಳಿದಾಗ, ತಮ್ಮ ದೇಶದ ವಿಮಾನಗಳು ಇಣುಕಲೂ ಆಗದ ಊರಿನಲ್ಲಿ ಅಮೆರಿಕನ್ನರು ರಾತ್ರಿ ಕಳೆದರು. ಅಷ್ಟು ದೂರದ ಸೈಬೀರಿಯಾ ನಮಗೆ ಸಲೀಸು. ಪಕ್ಕದ ಲಾಹೋರ್ ಮಾತ್ರ ದುರ್ಗಮ. ದೆಹಲಿಯಿಂದ ಅಲ್ಲಿಗೆ ಸುಮಾರು 430 ಕಿಲೋಮೀಟರ್. ನೇರ ವಿಮಾನ ಎಂದೋ ನಿಂತಿತ್ತು. 2025ರ ಏಪ್ರಿಲ್‌ನಲ್ಲಿ ಎರಡೂ ದೇಶಗಳು ಪರಸ್ಪರರ ವಿಮಾನಗಳಿಗೆ ಆಕಾಶವನ್ನೇ ಮುಚ್ಚಿದವು. ವಿಮಾನದಲ್ಲೇ ಹೋಗುತ್ತೇನೆಂದು ಹಟ ಹಿಡಿದವರು ದುಬೈಗೆ ಹೋಗಿ ತಿರುಗಿ ಬರಬೇಕು: ನಾಲ್ಕು ಸಾವಿರ ಕಿಲೋಮೀಟರ್‌ಗೂ ಮಿಕ್ಕಿದ ಪ್ರದಕ್ಷಿಣೆ. ದೇವರಿಗೂ ಇಷ್ಟು ದೊಡ್ಡ ಪ್ರದಕ್ಷಿಣೆಯನ್ನು ನಾವು ಹಾಕಿದವರಲ್ಲ.

ಇಷ್ಟೆಲ್ಲ ಸುತ್ತಾಟಕ್ಕೆ ಸುಡುವ ಇಂಧನವನ್ನು ಯಾವ ವಿದೇಶಾಂಗ ಸಚಿವರೂ ತುಂಬಿಸಿಕೊಡುವುದಿಲ್ಲ. ಅದು ಟಿಕೆಟ್ಟಿನಲ್ಲಿ ಇಂಧನದ ಸರ್ಚಾರ್ಜ್ ಎಂಬ ಗಂಭೀರ ಹೆಸರಿನಲ್ಲಿ ಬಂದು ಕೂರುತ್ತದೆ. ಆ ಬಾಬ್ತಿನ ಎದುರು ನೇರವಾಗಿ ‘ಜಗಳದ ಖರ್ಚು’ ಎಂದೇ ಮುದ್ರಿಸಲಿ. ಜಗಳ ಆಡಿದವರು ಸರ್ಕಾರಿ ವಿಮಾನದಲ್ಲಿ ಕಾಲು ಚಾಚಿ ಶಾಂತಿ ಮಾತುಕತೆಗೆ ಹೊರಡುತ್ತಾರೆ. ದುಡ್ಡು ಕಟ್ಟಿದವನು ಎಕಾನಮಿ ಕ್ಲಾಸಿನ ನಡುವಿನ ಸೀಟಿನಲ್ಲಿ ಮಂಡಿ ಮಡಚಿ ಕೂರುತ್ತಾನೆ.