ಬಿಟ್ಟಿ ಔಷಧದ ಕಾಕಾ

ಯಳವಿಯ ಕಟ್ಟೆಯ ಮೇಲೆ ಕೂತು ‘ತಲಿ ನೋಯಾಕತ್ತೈತಿ’ ಅಂತ ಬಾಯಿಬಿಟ್ಟು ನೋಡಿ. ಎಲೆ-ಅಡಿಕೆ ಚಂಚಿ ಬಿಚ್ಚುತ್ತ ಕಾಕಾ ಹಾಜರು. ಮಹಾರಾಷ್ಟ್ರದ ಜತ್ತ ತಾಲೂಕಿನ ಯಾವ ಊರಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ: ರೋಗ ಹೇಳುವುದು ಕನ್ನಡದಲ್ಲಿ, ಔಷಧ ಮರಾಠಿಯಲ್ಲಿ, ಫೀಸು ಒಂದು ಕಪ್ ಚಹಾ.

ದ್ರಾಕ್ಷಿ ತೋಟದ ಹುಡುಗನೊಬ್ಬನ ತಲೆನೋವಿನ ಬಗ್ಗೆ ಕಾಕಾ ನಡೆಸಿದ ತನಿಖೆ ಪೊಲೀಸರಿಗೂ ಸಾಧ್ಯವಿಲ್ಲ. ನೋವು ಒಂದೇ ಕಣ್ಣಿನ ಸುತ್ತ. ಅದೇ ಕಣ್ಣು ಕೆಂಪು, ಅದರಲ್ಲೇ ನೀರು, ಅದೇ ಬದಿಯ ಮೂಗು ಕಟ್ಟುತ್ತದೆ. ರಾತ್ರಿ ಎರಡಕ್ಕೆ ಬಂದು ತಾಸಿನಲ್ಲಿ ಹೋಗುತ್ತದೆ. ಹುಡುಗ ಮಲಗಲಾರ, ಕೂರಲಾರ, ಅಂಗಳದಲ್ಲಿ ಶತಪಥ. ಸಾಕ್ಷಿಯೆಲ್ಲ ಪಕ್ಕಾ. ತೀರ್ಪು?

“ಅರ್ಧಶಿಶಿ, ಅರೆತಲೆನೋವು ಇದು ತಮ್ಮಾ. ಹೊತ್ತು ಹುಟ್ಟೂಕಿಂತ ಮೊದಲ ಜಿಲೇಬಿ ತಿನ್ನು.”

ಮರುವಾರ ಅದು ಸೈನಸ್ ಆಯಿತು, ಆಮೇಲೆ ಹಲ್ಲಿನ ಹುಳ. ಗಟ್ಟಿಮುಟ್ಟಾದ ದವಡೆ ಹಲ್ಲೊಂದು ಹೋಯಿತು. ಕಡೆಗೆ, “ಗಡಿಯಾರ ನೋಡಿ ಬರಾಕ ಇದೇನ ಎಸ್ಟಿ ಬಸ್ಸೇನು? ಬಸ್ಸರೆ ಎಲ್ಲಿ ಹೊತ್ತಿಗೆ ಬರತೈತಿ? ದೆವ್ವನ ಇದು!” ಎಂದು ತಾಯತ ಬಂತು. ಕೆಲವು ವಾರಕ್ಕೆ ನೋವು ಮಾಯ. ಕಾಕಾನ ಮೀಸೆಗೆ ಎಣ್ಣೆ ಹತ್ತಿತು.

ಮುಂದಿನ ವರ್ಷ ಅದೇ ದಿನಗಳಲ್ಲಿ ನೋವು ಮರಳಿತು. ಮಿರಜದ ನರರೋಗ ತಜ್ಞರು ಕಾಕಾ ಕಂಡದ್ದನ್ನೆಲ್ಲ ಕೇಳಿಯೇ ಹೆಸರು ಹೇಳಿದರು: ಕ್ಲಸ್ಟರ್ ತಲೆನೋವು. ಸಾವಿರಕ್ಕೆ ಸುಮಾರು ಒಬ್ಬರಿಗೆ, ಅದರಲ್ಲೂ ಗಂಡಸರಿಗೆ ಹೆಚ್ಚು. ಬಂದಾಗಲೆಲ್ಲ 15 ನಿಮಿಷದಿಂದ 3 ತಾಸು. ವಾರಗಟ್ಟಲೆ ಕಾಡಿ, ತಿಂಗಳುಗಟ್ಟಲೆ ಸುಮ್ಮನಾಗುತ್ತದೆ. ತಾಯತದ ಕೀರ್ತಿಯ ಗುಟ್ಟು ಇಷ್ಟೇ. ಕಾಕಾ ಕೇಳಿದ ಗಡಿಯಾರವಿರುವುದು ಮಿದುಳಿನ ಹೈಪೊಥಲಮಸ್‌ನಲ್ಲಿ. ಅರ್ಧಶಿಶಿಯವರು ಕತ್ತಲಲ್ಲಿ ಅಲುಗದೆ ಮಲಗುತ್ತಾರೆ, ಇವರು ನಿಂತಲ್ಲಿ ನಿಲ್ಲರು. ಸಾದಾ ಗುಳಿಗೆ ಕರಗುವಷ್ಟರಲ್ಲಿ ಎಷ್ಟೋ ಸಲ ನೋವೇ ಮುಗಿದಿರುತ್ತದೆ. ಬೇಕಾದದ್ದು ಮಾಸ್ಕ್ ಹಾಕಿ ನಿಮಿಷಕ್ಕೆ 12ರಿಂದ 15 ಲೀಟರ್ ಶುದ್ಧ ಆಕ್ಸಿಜನ್, ಇಲ್ಲವೇ ಸುಮಾಟ್ರಿಪ್ಟಾನ್ ಸೂಜಿ. ಬರದಂತೆ ತಡೆಯಲು, ಇಸಿಜಿ ನೋಡುತ್ತ, ವೆರಾಪಮಿಲ್. ನೋವಿನ ದಿನಗಳಲ್ಲಿ ಸೆರೆ ಮುಟ್ಟಬಾರದು.

ಕಾಕಾ ಕೆಂಡವಾದರು. “ಗಾಳಿಗೂ ರೊಕ್ಕಾ? ಜತ್ತದ ಗುಡ್ಡದಾಗ ಅಷ್ಟ ಪಂಖಾ ತಿರಗತಾವ, ಅಲ್ಲಿ ಹೋಗಿ ನಿಂದ್ರು, ಬಿಟ್ಟಿ ಸಿಗತೈತಿ!”

ನಿಮ್ಮೂರಲ್ಲೂ ಇಂಥ ಕಾಕಾ ಇದ್ದರೆ ಬಿಡಬೇಡಿ, ಡಾಕ್ಟರ ಹತ್ತಿರ ಜೊತೆಗೇ ಕರೆದೊಯ್ಯಿರಿ. ಕಂಡದ್ದನ್ನೆಲ್ಲ ಹೇಳಲಿ. ಔಷಧದ ಮಾತು ಬಂದಾಗ ಮಾತ್ರ ಹೊರಗೆ ಚಹಾ ಕುಡಿಸಿ ಕೂರಿಸಿ.