ವಾಯಿದೆ ಯಾರ ಪರ?

ಪುಣೆಯಲ್ಲಿ ನಗರಪಾಲಿಕೆಗಳ ವಕೀಲರಿಗಾಗಿ ಸುಶಾಸನದ ಬಗ್ಗೆ ಒಂದು ಸಮ್ಮೇಳನ ನಡೆಯುತ್ತಿದೆ ಎಂದುಕೊಳ್ಳೋಣ. ಇಂಥ ಸಮ್ಮೇಳನಕ್ಕೆ ಬೇಕಾದದ್ದೆಲ್ಲ ಅಲ್ಲಿದೆ: ದೀಪ ಬೆಳಗಿಸಲು ಸಾಲುಗಟ್ಟಿ ನಿಂತ ಗಣ್ಯರು, ಕೊರಳಿಗೆ ಗುರುತಿನ ಚೀಟಿ, ಕೈಗೊಂದು ಬ್ಯಾಗು, ಪರದೆಯ ಮೇಲೆ ಪಾರದರ್ಶಕತೆ, ಉತ್ತರದಾಯಿತ್ವ, ಜನರ ಸಹಭಾಗಿತ್ವ ಎಂಬ ದಪ್ಪ ಅಕ್ಷರಗಳು. ಆಹ್ವಾನ ಪತ್ರಿಕೆಯಲ್ಲಿ ಹೆಸರಿಲ್ಲದ ಒಬ್ಬರು ಮಾತ್ರ ಎಲ್ಲ ಗೋಷ್ಠಿಗಳಲ್ಲೂ ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಕರ್ನಾಟಕದ ಕೋರ್ಟುಗಳಲ್ಲಿ ಅವರನ್ನು ವಾಯಿದೆ ಎನ್ನುತ್ತಾರೆ, ಇಲ್ಲಿ ತಾರೀಖು. ಉದ್ಯೋಗ, ಮುಂದಕ್ಕೆ ಹೋಗುವುದು. ನಮ್ಮ ನಗರಗಳಲ್ಲಿ ಕಳೆದ ಐದಾರು ವರ್ಷ ಯಾವ ಮೇಯರ್‌ಗೂ ದಕ್ಕದಷ್ಟು ಅಧಿಕಾರ ಇವರಿಗೆ ದಕ್ಕಿದೆ ಎಂಬುದು ನಮ್ಮ ವಾದ. ಅದನ್ನು ಅವರ ಎದುರಿಗೇ ಇಟ್ಟೆವು. ಮಾತಿಗೆ ಸಿಕ್ಕಿದ್ದು ಚಹಾ ವಿರಾಮದಲ್ಲಿ. ವಿರಾಮವೇ ಅವರ ಕೆಲಸದ ಹೊತ್ತು.

ನಾವು: ವಾಯಿದೆಯವರೇ, ಸುಶಾಸನದ ಸಮ್ಮೇಳನದಲ್ಲಿ ನಿಮ್ಮನ್ನು ಕಂಡು ಆಶ್ಚರ್ಯವಾಯಿತು. ಕನ್ನಡವನ್ನೂ ಚೆನ್ನಾಗಿ ಆಡುತ್ತೀರಿ.

ವಾಯಿದೆ: ಆಶ್ಚರ್ಯ ಯಾಕೆ? ಇಲ್ಲಿ ಬಂದಿರುವ ವಕೀಲರಲ್ಲಿ ನನ್ನ ಪರಿಚಯ ಇಲ್ಲದವರು ಒಬ್ಬರೂ ಇಲ್ಲ. ಕನ್ನಡ ಕಲಿತದ್ದು ಬೆಂಗಳೂರಿನಲ್ಲಿ. ಅಲ್ಲಿನ ಪಾಲಿಕೆ ಬಿಬಿಎಂಪಿಯ ಚುನಾವಣೆಯ ಸಲುವಾಗಿ ಬಹಳ ಕಾಲ ಠಿಕಾಣಿ ಹೂಡಬೇಕಾಯಿತು. ಬೆಳಗಾವಿ ಗಡಿ ದಾವೆಯಲ್ಲಂತೂ 2004ರಿಂದ ಎರಡೂ ಕಡೆಯವರ ಜೊತೆ ಸುಪ್ರೀಂ ಕೋರ್ಟಿಗೆ ಓಡಾಡುತ್ತಿದ್ದೇನೆ. ಮಹಾರಾಷ್ಟ್ರ, ಕರ್ನಾಟಕ ಎರಡೂ ಜಗಳವಿಲ್ಲದೆ ಒಪ್ಪಿಕೊಂಡಿರುವುದು ನನ್ನನ್ನು ಮಾತ್ರ. ಕಾರಣ ಇಷ್ಟೇ: ನಾನು ಯಾರ ಪರವೂ ಅಲ್ಲ, ಯಾರ ವಿರುದ್ಧವೂ ಅಲ್ಲ. ಕೋರ್ಟಿನಲ್ಲಿ ನನ್ನಷ್ಟು ತಟಸ್ಥರು ಇನ್ನೊಬ್ಬರಿಲ್ಲ.

ನಾವು: ನಮ್ಮ ತಕರಾರು ಇರುವುದು ಆ ಕೊನೆಯ ಮಾತಿಗೇ. ಪ್ರಕರಣ ಮುಂದಕ್ಕೆ ಹೋದಷ್ಟು ದಿನ ಸ್ವಾಧೀನ ಯಾರದೋ ಗೆಲುವೂ ಅವರದೇ, ತೀರ್ಪು ಏನೇ ಬರಲಿ. ನಿಮ್ಮ ಮುಂದಿರುವ ಪುಣೆಯನ್ನೇ ನೋಡಿ. ಮಹಾನಗರಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2022ರ ಮಾರ್ಚ್ 14ಕ್ಕೆ ಮುಗಿಯಿತು. ಮರುದಿನದಿಂದ ಆಯುಕ್ತರೇ ಆಡಳಿತಾಧಿಕಾರಿ. ಸಂವಿಧಾನದ 243-ಯು ವಿಧಿಯ ಪ್ರಕಾರ ನಗರಸಭೆಯ ಆಯುಸ್ಸು ಐದು ವರ್ಷ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ. ಅವಧಿ ಮುಗಿಯುವುದರೊಳಗೆ ಮುಂದಿನ ಚುನಾವಣೆ ಮುಗಿದಿರಬೇಕು. ಇದರಲ್ಲಿ ಗೊಂದಲಕ್ಕೆ ಎಡೆಯೇ ಇಲ್ಲ. ಆದರೂ ಆದದ್ದೇನು? ಚುನಾವಣೆ ಪ್ರಕಟಿಸಿ ಎಂದು ಸುಪ್ರೀಂ ಕೋರ್ಟು 2022ರ ಮೇ 4ರಂದು ಹೇಳಿತು. ಆಗಸ್ಟ್ 22ರಂದು ಅದೇ ಕೋರ್ಟಿನಿಂದ ಐದು ವಾರಗಳ ಯಥಾಸ್ಥಿತಿ ಆದೇಶ ಬಂತು. ಆ ಐದು ವಾರ ಎಳೆದು ಎಳೆದು ಎರಡು ವರ್ಷ ಎಂಟು ತಿಂಗಳಾಯಿತು. ನಾಲ್ಕು ತಿಂಗಳಲ್ಲಿ ಚುನಾವಣೆ ಮುಗಿಸಿ ಎಂಬ ಆದೇಶ ಹೊರಬಿದ್ದದ್ದು 2025ರ ಮೇ 6ರಂದು. ಆ ಗಡುವೂ ಜಾರಿ, 2026ರ ಜನವರಿ 31ರ ಇನ್ನೊಂದು ಗಡುವು ಬಂತು. ಪುಣೆಯ ಮತದಾರ ಕೊನೆಗೂ ಮತಗಟ್ಟೆಗೆ ಹೋದದ್ದು ಜನವರಿ 15ರಂದು, ಮೂರು ವರ್ಷ ಹತ್ತು ತಿಂಗಳ ಮೇಲೆ. ಈ ಅಷ್ಟೂ ಕಾಲ ಯಾವ ಕೋರ್ಟೂ ಚುನಾವಣೆ ಬೇಡ ಎಂದು ತೀರ್ಪು ಕೊಡಲಿಲ್ಲ. ತೀರ್ಪಿಲ್ಲದೆಯೇ ಚುನಾವಣೆ ಇಲ್ಲವಾಯಿತು. ಅದನ್ನು ಮಾಡಿದ್ದು ನೀವು.

ವಾಯಿದೆ: ಎಲ್ಲವನ್ನೂ ನನ್ನ ತಲೆಗೆ ಕಟ್ಟುತ್ತೀರಿ. ನನ್ನನ್ನು ಕೇಳಿದವರ ಉದ್ದೇಶವನ್ನೂ ನೋಡಿ. ಹಿಂದುಳಿದ ವರ್ಗಗಳ ಮೀಸಲಾತಿ ಇತ್ಯರ್ಥವಾಗದೆ ಚುನಾವಣೆ ನಡೆದಿದ್ದರೆ ಅವರಿಗೆ ಅನ್ಯಾಯವಾಗುತ್ತಿರಲಿಲ್ಲವೇ? ಆತುರದ ನ್ಯಾಯಕ್ಕಿಂತ ತಡವಾದ ನ್ಯಾಯ ಮೇಲಲ್ಲವೇ?

ನಾವು: ಮೀಸಲಾತಿಯ ಪ್ರಶ್ನೆ ನಿಜವಾದದ್ದು, ದೊಡ್ಡದು. ಅದನ್ನು ಹಗುರ ಮಾಡುವವರ ಜೊತೆ ನಾವಿಲ್ಲ. ಆದರೆ ಅದು 2022ರಲ್ಲಿ ದಿಢೀರನೆ ಹುಟ್ಟಿದ ಪ್ರಶ್ನೆಯಲ್ಲ. ಸ್ಥಳೀಯ ಸಂಸ್ಥೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಮೀಸಲಾತಿ ಕೊಡಲು ಅಂಕಿಅಂಶ ಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕೃಷ್ಣಮೂರ್ತಿ ಪ್ರಕರಣದಲ್ಲಿ ಹೇಳಿದ್ದು 2010ರ ಮೇ ತಿಂಗಳಲ್ಲಿ. ಪುಣೆ ಪಾಲಿಕೆಯ ಅವಧಿ ಮುಗಿಯುವುದಕ್ಕೆ ಆಗ ಸುಮಾರು ಹನ್ನೆರಡು ವರ್ಷ ಬಾಕಿ ಇತ್ತು. ಆಯೋಗ ರಚಿಸಿ, ಪಾಲಿಕೆವಾರು ಲೆಕ್ಕ ತೆಗೆದು, ಒಟ್ಟು ಮೀಸಲಾತಿ ಶೇ. 50 ದಾಟದಂತೆ ನೋಡಿಕೊಳ್ಳಿ ಎಂದು ಅದೇ ಕೋರ್ಟು 2021ರ ಮಾರ್ಚ್‌ನಲ್ಲಿ ಮತ್ತೊಮ್ಮೆ ಬಿಡಿಸಿ ಹೇಳಿತು. ಪಾಲಿಕೆಯ ಅವಧಿ ಯಾವತ್ತು ಮುಗಿಯುತ್ತದೆ ಎಂಬುದು ಪಂಚಾಂಗದಲ್ಲಿ ಬರೆದಿಟ್ಟ ಗ್ರಹಣದ ಹಾಗೆ ಐದು ವರ್ಷ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ. ಗೊತ್ತಿದ್ದ ದಿನಕ್ಕೆ ಸಿದ್ಧವಾಗದೆ, ಆ ದಿನ ಬಂದ ಮೇಲೆ ಸಿದ್ಧತೆಗೆ ಸಮಯ ಕೇಳುವುದು ನ್ಯಾಯದ ಕಾಳಜಿಯಲ್ಲ. ಅದರ ಮೇಲೆ ಪ್ರಭಾಗಗಳ, ಅಂದರೆ ಇಲ್ಲಿನ ವಾರ್ಡುಗಳ, ಲೆಕ್ಕವನ್ನೂ ಸರ್ಕಾರಗಳು ಅದಲುಬದಲು ಮಾಡಿದವು. ಒಂದು ಸರ್ಕಾರ ಮೂವರು ಸದಸ್ಯರ ಪ್ರಭಾಗ ಎಂದಿತು, ಮುಂದಿನದು ಅದನ್ನು ಅಳಿಸಿ ನಾಲ್ವರ ಪ್ರಭಾಗಕ್ಕೆ ಹಿಂತಿರುಗಿತು, ಅದೂ ಕೋರ್ಟಿಗೆ ಹೋಯಿತು. ಇನ್ನೊಂದು ಮಾತು. ಹಿಂದುಳಿದವರಿಗೆ ಅನ್ಯಾಯವಾಗದಿರಲೆಂದು ತಡೆದ ಆ ಅವಧಿಯಲ್ಲಿ ಪಾಲಿಕೆಯಲ್ಲಿ ಹಿಂದುಳಿದವರ ಪ್ರತಿನಿಧಿಗಳು ಎಷ್ಟಿದ್ದರು? ಸೊನ್ನೆ. ಖಾಲಿ ಸಭಾಗೃಹದಲ್ಲಿ ಯಾವ ಮೀಸಲಾತಿಯೂ ಇರುವುದಿಲ್ಲ.

ವಾಯಿದೆ: ಸಭಾಗೃಹದ ಮಾತು ನೀವೇ ತೆಗೆದಿರಿ. ಅದು ತುಂಬಿದ್ದಾಗ ಏನು ನಡೆಯಿತು ನೆನಪಿದೆಯೇ? 2018ರ ಜೂನ್ 21ರಂದು ಶಿವಾಜಿನಗರದಲ್ಲಿ ಪಾಲಿಕೆಯ ಹೊಸ ಕಟ್ಟಡದ ಉದ್ಘಾಟನೆ. ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಬಂದಿದ್ದಾರೆ, ಹೊರಗೆ ಮಳೆ, ಒಳಗೆ ಹೊಚ್ಚಹೊಸ ಸಭಾಗೃಹ ಸೋರುತ್ತಿದೆ! ಆಡಳಿತಾಧಿಕಾರಿ ಬಂದ ಮೇಲೆ ನೋಡಿ: ಗದ್ದಲವಿಲ್ಲ, ಸಭಾತ್ಯಾಗವಿಲ್ಲ, ಕಡತ ನಿಲ್ಲುವುದಿಲ್ಲ. ಸುಶಾಸನ ಎಂದರೆ ಇದೇ ಅಲ್ಲವೇ?

ನಾವು: ಸೋರಿದ್ದು ಊರಿಗೆಲ್ಲ ಗೊತ್ತಾದದ್ದು ಅದರ ಕೆಳಗೆ ಜನ ಕೂತಿದ್ದರಿಂದ. ಯಾರೂ ಕೂರದ ಸಭೆಯಲ್ಲಿ ಏನು ಸೋರಿದರೂ ಸುದ್ದಿಯಾಗುವುದಿಲ್ಲ. ಕಡತ ಬೇಗ ಸಾಗುತ್ತದೆ ಎನ್ನುತ್ತೀರಿ. ಅದರ ದಾರಿ ನೋಡೋಣ. 1949ರ ಪಾಲಿಕೆ ಕಾಯ್ದೆಯಲ್ಲಿ ಮಹಾಸಭೆ, ಸ್ಥಾಯಿ ಸಮಿತಿ, ಆಯುಕ್ತರು ಎಂದು ಅಧಿಕಾರವನ್ನು ಹಂಚಿದ್ದಾರೆ. ಆಯುಕ್ತರು ಬಜೆಟ್ಟಿನ ಕರಡು ತಯಾರಿಸಬೇಕು, ಸ್ಥಾಯಿ ಸಮಿತಿ ಅದನ್ನು ತಿದ್ದಬೇಕು, ಮಹಾಸಭೆ ಒಪ್ಪಬೇಕು. ಆಡಳಿತಾಧಿಕಾರಿಯ ಕಾಲದಲ್ಲಿ ಈ ಮೂರೂ ಟೋಪಿಗಳು ಒಂದೇ ತಲೆಯ ಮೇಲೆ. ಆಯುಕ್ತರು ಪ್ರಸ್ತಾವ ಬರೆಯುತ್ತಾರೆ, ಸ್ಥಾಯಿ ಸಮಿತಿಯಾಗಿ ಅದನ್ನು ತಾವೇ ಪರಿಶೀಲಿಸುತ್ತಾರೆ, ಮಹಾಸಭೆಯಾಗಿ ತಾವೇ ಕೈ ಎತ್ತುತ್ತಾರೆ. 2025-26ರ 12,618 ಕೋಟಿ ರೂಪಾಯಿಯ ಬಜೆಟ್ಟು ಹೀಗೆಯೇ ಪಾಸಾಯಿತು. ಅಧಿಕಾರಿ ಪ್ರಾಮಾಣಿಕರೇ ಇರಬಹುದು, ಚುರುಕಾಗಿಯೂ ಇರಬಹುದು. ಆದರೆ ಬೇಡ ಎನ್ನುವ ಬಾಯಿ ಕೋಣೆಯಲ್ಲಿ ಇಲ್ಲ. ಆ ಒಂದು ಬಾಯಿಯ ಬೆಲೆ ಎಷ್ಟೆಂದು ಈ ಊರಿಗೇ ಗೊತ್ತು. ಜ್ಯೋತಿಬಾ ಫುಲೆ 1876ರಿಂದ ಕೆಲವು ವರ್ಷ ಪುಣೆ ಪುರಸಭೆಯ ಸದಸ್ಯರಾಗಿದ್ದರು. ವೈಸ್‌ರಾಯ್ ಲಿಟ್ಟನ್‌ನ ಸ್ವಾಗತಕ್ಕೆ ಸಾವಿರ ರೂಪಾಯಿ ಖರ್ಚು ಮಾಡುವುದನ್ನು ವಿರೋಧಿಸಿದರು, ಆ ಹಣ ಬಡವರ ಮಕ್ಕಳ ಶಿಕ್ಷಣಕ್ಕೆ ಹೋಗಲಿ ಎಂದರು. ವಸಾಹತು ಆಳ್ವಿಕೆಯ ಪುರಸಭೆಯಲ್ಲೂ ಸಾವಿರ ರೂಪಾಯಿಗೆ ಒಂದು ‘ಬೇಡ’ ದಾಖಲಾಗಲು ಜಾಗವಿತ್ತು. ಗಣರಾಜ್ಯದ ಪಾಲಿಕೆಯಲ್ಲಿ ಹನ್ನೆರಡು ಸಾವಿರ ಕೋಟಿಗೆ ಇರಲಿಲ್ಲ. 2021ರಲ್ಲಿ ಪಾಲಿಕೆಗೆ ಸೇರಿಸಿಕೊಂಡ 23 ಹಳ್ಳಿಗಳ ಜನರನ್ನು ಕೇಳಿ. ಅವರಿಗೆ ಗ್ರಾಮ ಪಂಚಾಯತಿ ಹೋಯಿತು, ಪಾಲಿಕೆಯ ಆಡಳಿತ ಬಂತು. ನೀರು, ರಸ್ತೆ, ಕಸದ ದೂರು ಹೇಳಿಕೊಳ್ಳಲು ತಾವು ಆರಿಸಿದ ಒಬ್ಬ ಸದಸ್ಯ ಮಾತ್ರ 2026ರವರೆಗೆ ಸಿಗಲಿಲ್ಲ.

ವಾಯಿದೆ: ಸರಿ, ಸರ್ಕಾರಗಳನ್ನು ಬೈಯಿರಿ, ರಾಜಕೀಯದವರನ್ನು ಬೈಯಿರಿ. ಇಲ್ಲಿ ಊಟದ ಕೂಪನ್ ಹಿಡಿದು ನಿಂತಿರುವ ಈ ವಕೀಲರದ್ದೇನು ತಪ್ಪು? ಕಕ್ಷಿದಾರರು ವಾಯಿದೆ ಕೇಳಿ ಎಂದರೆ ಕೇಳುತ್ತಾರೆ. ಕೋರ್ಟುಗಳಲ್ಲಿ ಪ್ರಕರಣಗಳ ರಾಶಿ ಬಿದ್ದಿದೆ, ಅದಕ್ಕೂ ಇವರೇ ಹೊಣೆಯೇ? ಸಿವಿಲ್ ದಾವೆಯ ವಿಚಾರಣೆಯಲ್ಲಿ ಒಬ್ಬ ಪಕ್ಷಗಾರನಿಗೆ ನನ್ನನ್ನು ಮೂರು ಸಲಕ್ಕಿಂತ ಹೆಚ್ಚು ಕೊಡಬಾರದು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ಬರೆದರು. ಆಮೇಲೆ 2005ರಲ್ಲಿ ಸುಪ್ರೀಂ ಕೋರ್ಟೇ, ಕೈಮೀರಿದ ಸಂದರ್ಭದಲ್ಲಿ ಕೊಡಬಹುದು ಎಂದಿತು. ನನ್ನ ಅಗತ್ಯ ಎಲ್ಲರಿಗೂ ಇದೆ.

ನಾವು: ಅಗತ್ಯ ಇದೆ, ಒಪ್ಪಿದೆವು. ಸಾಕ್ಷಿಗೆ ಕಾಯಿಲೆಯಾದರೆ, ದಾಖಲೆ ಕೈಗೆ ತಡವಾಗಿ ಸಿಕ್ಕರೆ ವಾಯಿದೆ ಕೊಡದಿರುವುದೇ ಅನ್ಯಾಯ. ಕೋರ್ಟಿನ ಕೆಲಸದ ಹೊರೆಗೂ ವಕೀಲರನ್ನು ದೂರಲಾಗದು. ಆದರೆ ಕಕ್ಷಿದಾರ ಹೇಳಿದ್ದನ್ನು ಮಾಡಿದೆವು ಎಂಬ ಸಮಜಾಯಿಷಿ ನಿಲ್ಲುವುದಿಲ್ಲ. ವಕೀಲ ತನ್ನನ್ನು ಕಕ್ಷಿದಾರನ ಬರೀ ಬಾಯಿ ಎಂದುಕೊಳ್ಳಬಾರದು ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಹೇಳುತ್ತದೆ. ಪಾಲಿಕೆಯ ವಕೀಲನಿಗಂತೂ ಅದಕ್ಕೂ ಮೊದಲಿನ ಪ್ರಶ್ನೆಯೊಂದಿದೆ: ಅವನ ಕಕ್ಷಿದಾರ ಯಾರು? ವಕಾಲತ್ತಿಗೆ ರುಜು ಹಾಕುವವರು ಅಧಿಕಾರಿ. ಆದರೆ ವಕಾಲತ್ತು ಪಾಲಿಕೆಯದು. ಮೂರು ಟೋಪಿಗಳು ಒಂದೇ ತಲೆಯ ಮೇಲಿದ್ದಾಗ ವಕೀಲನಿಗೆ ಕಾಣುವುದು ಆ ತಲೆಯೊಂದೇ, ಅದನ್ನೇ ಪಾಲಿಕೆ ಎಂದುಕೊಳ್ಳುತ್ತಾನೆ. ನೀವು ಕನ್ನಡ ಕಲಿತ ಬೆಂಗಳೂರಿನಲ್ಲಿ ಈ ಗೊಂದಲ ಕೊನೆ ಮುಟ್ಟಿತು. ಬಿಬಿಎಂಪಿ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ಕ್ಕೆ. 198 ವಾರ್ಡುಗಳಿಗೇ ಬೇಗ ಚುನಾವಣೆ ನಡೆಸಿ ಎಂದು ಹೈಕೋರ್ಟು ಡಿಸೆಂಬರ್ 4ರಂದು ಆದೇಶಿಸಿತು. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿ ಡಿಸೆಂಬರ್ 18ಕ್ಕೆ ತಡೆಯಾಜ್ಞೆ ತಂದಿತು. ವಾರ್ಡುಗಳು 243 ಎಂದರು, ಆಮೇಲೆ ಅದನ್ನೂ ಬದಲಿಸಿದರು. ಹೀಗೆ ಒಂದು ಇಡೀ ಅವಧಿ, ಐದು ವರ್ಷ, ಸದಸ್ಯರಿಲ್ಲದೆ ಕಳೆಯಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ಪಾಲಿಕೆಗಳು ಬಂದವು. ಚುನಾವಣೆಗಾಗಿ ಕಾದು ಕಾದು ಪಾಲಿಕೆಯೇ ತೀರಿಕೊಂಡಿತು. ಈ ನಡುವೆ ಬೆಂಗಳೂರಿನಲ್ಲೂ ಮುಂಬೈಯಲ್ಲೂ ಸರ್ಕಾರಗಳು ಬದಲಾದವು, ಪಕ್ಷಗಳು ಬದಲಾದವು. ವಾಯಿದೆ ಮಾತ್ರ ಎಲ್ಲರಿಗೂ ಬೇಕಾಯಿತು. ಆದ್ದರಿಂದ ಇದನ್ನು ಒಂದು ಪಕ್ಷದ ದುರ್ಬುದ್ಧಿ ಎಂದು ಮುಗಿಸಲಾಗದು. ನಗರದ ಹಣ, ನೆಲ, ಗುತ್ತಿಗೆ ರಾಜಧಾನಿಯ ಕೈಯಲ್ಲೇ ಉಳಿಯುವುದು ಯಾವ ರಾಜ್ಯ ಸರ್ಕಾರಕ್ಕೂ ಇಷ್ಟ. ಅದನ್ನು ಬಾಯಿಬಿಟ್ಟು ಕೇಳಿದರೆ ಸಂವಿಧಾನ ಅಡ್ಡ ಬರುತ್ತದೆ. ವಾಯಿದೆ ಕೇಳಿದರೆ ಏನೂ ಅಡ್ಡ ಬರುವುದಿಲ್ಲ.

ವಾಯಿದೆ: ಹಾಗಾದರೆ ಈ ಸಮ್ಮೇಳನದಿಂದ ನನ್ನನ್ನು ಹೊರಗೆ ಹಾಕಬೇಕು ಎನ್ನುತ್ತೀರಾ?

ನಾವು: ಹೊರಗೆ ಹಾಕುವುದು ಬೇಡ, ವೇದಿಕೆಗೆ ಕರೆದು ಪ್ರಶ್ನೆ ಕೇಳಿದರೆ ಸಾಕು. ಪಾರದರ್ಶಕತೆಯ ಮೇಲೆ ಉಪನ್ಯಾಸ ಕೇಳುವುದಕ್ಕಿಂತ ಪಾಲಿಕೆಯ ವಕೀಲರು ಮೂರು ಕೆಲಸ ರೂಢಿಸಿಕೊಂಡರೆ ಹೆಚ್ಚು ಉಪಯೋಗ. ಒಂದು, ಅವಧಿ ಮುಗಿಯಲು ಎರಡು ವರ್ಷ ಇರುವಾಗಲೇ ವಾರ್ಡು ವಿಂಗಡಣೆ, ಮೀಸಲಾತಿ, ಮತದಾರರ ಪಟ್ಟಿ ಯಾವ ದಿನಕ್ಕೆ ಮುಗಿಯಬೇಕು ಎಂದು ಲಿಖಿತ ಅಭಿಪ್ರಾಯ ಕೊಟ್ಟು, ಅದನ್ನು ಮಹಾಸಭೆಯ ಮುಂದೆ ಇಡಿಸಬೇಕು. ಆಗ ಗೊತ್ತಿರಲಿಲ್ಲ ಎನ್ನುವ ದಾರಿ ಮುಚ್ಚುತ್ತದೆ. ಎರಡು, ಪಾಲಿಕೆಗೆ ಸಂಬಂಧಿಸಿದ ತಡೆಯಾಜ್ಞೆಗಳು ಎಷ್ಟು, ಯಾವಾಗಿನವು, ಪ್ರತಿ ಸಲ ವಾಯಿದೆ ಕೇಳಿದವರು ಯಾರು ಎಂಬ ಪಟ್ಟಿಯನ್ನು ಜನ ನೋಡುವಂತೆ ಪ್ರಕಟಿಸಬೇಕು. ಕೇಳದೆಯೇ ಮಾಹಿತಿ ಕೊಡಿ ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಹೇಳುವುದೂ ಅದನ್ನೇ. ಮೂರು, ಚುನಾವಣೆಗೆ ಸಂಬಂಧಿಸಿದ ಪ್ರಕರಣದಲ್ಲಿ ಸಮಯ ಕೇಳುವ ಪ್ರತಿ ಅರ್ಜಿಯಲ್ಲೂ ಒಂದು ವಾಕ್ಯ ಹೆಚ್ಚಿಗೆ ಬರೆಯಬೇಕು: ಈ ವಾಯಿದೆ ಸಿಕ್ಕರೆ ಅಲ್ಲಿಯವರೆಗೆ ನಗರದ ಅಧಿಕಾರ ಯಾರ ಕೈಯಲ್ಲಿ ಉಳಿಯುತ್ತದೆ. ಆ ವಾಕ್ಯ ಬರೆದ ಮೇಲೆ ನೀವು ತಟಸ್ಥರು ಎಂದು ಯಾರೂ ಹೇಳಲಾರರು. ನ್ಯಾಯಾಧೀಶರೂ ಹೇಳಲಾರರು, ವಕೀಲರೂ ಹೇಳಲಾರರು.

ವಾಯಿದೆ: ಒಳ್ಳೆಯ ಸಲಹೆ. ಮಧ್ಯಾಹ್ನದ ಗೋಷ್ಠಿಯಲ್ಲಿ ನಿರ್ಣಯವಾಗಿಯೇ ಮಂಡಿಸಿ, ಇವರೆಲ್ಲ ಒಮ್ಮತದಿಂದ ಒಪ್ಪುತ್ತಾರೆ. ಆ ಒಂದು ವಾಕ್ಯವನ್ನು ಹೇಗೆ ಬರೆಯಬೇಕು ಎಂದು ನೋಡುವುದಕ್ಕೆ ನಾಲ್ಕು ವಾರ ಸಮಯ ಕೇಳುತ್ತಾರೆ, ಅಷ್ಟೇ.