ಯಾರೂ ಮೀಟದ ಗಾಂಧಾರ

ನಿನ್ನೆ ಸಂಜೆ ಕೇಳಿದಿರಲ್ಲ ಅಕ್ಕ, ‘ನಿಮ್ಮನೇಲಿ ಯಾರೋ ಒಳಗೊಳಗೇ ಹಾಡ್ತಿರೋ ಹಾಗಿತ್ತು, ಯಾರು ಬಂದಿದ್ರು?’ ಅಂತ. ಯಾರೂ ಬಂದಿರಲಿಲ್ಲ. ಅದು ನಮ್ಮ ತಂಬೂರಿ. ಮೂರು ತಿಂಗಳಿಂದ ಮಂಕಾಗಿ ಕೂತಿತ್ತು. ನಿನ್ನೆ ಹೊಸ ಜೀವಾಳಿ ಕಟ್ಟಿದೆ, ಬಾಯಿ ಬಿಡ್ತು.

ಜೀವಾಳಿ ಅಂದ್ರೆ ಬರೀ ದಾರ. ತಂತಿಗೂ, ತಂತಿಗಳನ್ನ ಹೊತ್ತು ಕೂತ ಕುದುರೆಗೂ ನಡುವೆ ತೂರಿಸೋದು. ಕುದುರೆಯ ಬೆನ್ನು ನೋಡೋಕೆ ಚಪ್ಪಟೆ, ಬೆರಳಾಡಿಸಿದ್ರೆ ಮಾತ್ರ ಸಣ್ಣ ಇಳಿಜಾರು ಗೊತ್ತಾಗುತ್ತೆ. ದಾರ ಇಲ್ಲದ ತಂತಿ ‘ಟಣ್’ ಅಂದು ಸುಮ್ಮನಾಗುತ್ತೆ. ಉಗುರಲ್ಲಿ ದಾರಾನ ಎಳ್ಳಷ್ಟೆಳ್ಳಷ್ಟೇ ಸರಿಸ್ತಾ ಹೋಗಿ, ಒಂದು ಜಾಗದಲ್ಲಿ ‘ಝೇಂ’ ಅಂತ ಅರಳಿಬಿಡುತ್ತೆ. ಕೂದಲೆಳೆಯಷ್ಟು ದಾಟಿದ್ರೂ ಮತ್ತೆ ಮಂಕು. ಆ ಜಾಗದಲ್ಲಿ ತಂತಿ ಅದುರಿದಾಗಲೆಲ್ಲ ಕುದುರೆಯ ಬೆನ್ನು ಸವರಿ ಏಳುತ್ತೆ. ಮೇಲಿನ ಸ್ವರಗಳಿಗೆ, ಅಂದ್ರೆ ಉಪಸ್ವರಗಳಿಗೆ, ಕಸುವು ಬರೋದು ಆ ಸವರಿಕೆಯಿಂದಲೇ.

ಸಿ.ವಿ. ರಾಮನ್ ಕಲ್ಕತ್ತದಲ್ಲಿದ್ದಾಗ, 1921ರಲ್ಲಿ, ಇದರ ಮೇಲೆ ಲೇಖನ ಬರೆದಿದ್ದಾರೆ. ಅವರ ಮನೆಯಲ್ಲೇ ವೀಣೆ ಇತ್ತು, ಹೆಂಡತಿ ಲೋಕಸುಂದರಿ ನುಡಿಸ್ತಿದ್ರು. ಯಂಗ್, ಹೆಲ್ಮ್‌ಹೋಲ್ಟ್ಸ್ ಅನ್ನೋರ ಹೆಸರಿನ ನಿಯಮ ಒಂದಿದೆ: ತಂತಿಯನ್ನ ನಟ್ಟನಡುವೆ ಮೀಟಿದ್ರೆ, ಆ ನಡುವೆ ಅಲುಗದೆ ನಿಲ್ಲಬೇಕಾದ ಉಪಸ್ವರಗಳು, ಅಂದ್ರೆ ಎರಡನೇದು, ನಾಲ್ಕನೇದು, ಏಳಬಾರದು. ತಂಬೂರಿ, ವೀಣೆಯಲ್ಲಿ ನೋಡಿದ್ರೆ ಅಂಥವೂ ಗಟ್ಟಿಯಾಗಿ ನುಡೀತಾ ಇವೆ! ನಿಯಮದಲ್ಲಿ ತಪ್ಪಿಲ್ಲ, ತಂತಿ ಒಂದೇ ಅಂಚಿನ ಮೇಲೆ ಕೂತಿದ್ರೆ ಅದು ಸರಿ. ನಮ್ಮ ಕುದುರೆಗೆ ಬೆನ್ನಿದೆ. ಆ ಬೆನ್ನನ್ನ ಅರದಲ್ಲಿ ಉಜ್ಜಿ, ಕಿವಿಯಲ್ಲೇ ಅಳೆದು ತಿದ್ದಿದ ಕೈಗಳನ್ನ ನೆನೆದ್ರೆ ನನಗೆ ಕೈ ಮುಗಿಯಬೇಕು ಅನ್ನಿಸುತ್ತೆ.

ಇನ್ನು ನಿಮಗೆ ಕೇಳಿಸಿದ ಹಾಡು. ನಮ್ಮ ತಂಬೂರಿಗೆ ನಾಲ್ಕೇ ತಂತಿ. ಒಂದು ಪಂಚಮ, ಎರಡು ಷಡ್ಜ, ಕೊನೇದು ಮಂದ್ರ ಷಡ್ಜ. ಗಾಂಧಾರದ ತಂತಿಯೇ ಇಲ್ಲ. ಆದ್ರೂ ಆ ಕೊನೇ ತಂತಿ ಸೆಕೆಂಡಿಗೆ 100 ಸಲ ಅದುರಿದ್ರೆ, ಅದರೊಳಗೇ 500 ಸಲದ್ದೊಂದು ಅದುರು ಇರುತ್ತೆ. ಅದೇ ಅಂತರ ಗಾಂಧಾರ, ಎರಡು ಸ್ಥಾಯಿ ಮೇಲಿನದು. ಸಂಗೀತದವರು ಇದನ್ನ ಸ್ವಯಂಭೂ ಅಂತಾರೆ.

ಒಂದ್ನಿಮಿಷ ನಿಲ್ಲಿ, ಜಗಲಿಗೆ ತರ್ತೀನಿ. ಮೋಟರ್ ಆಫ್ ಮಾಡಿ ಬನ್ನಿ, ಆ ಗುಂಯ್ಗುಡೋದ್ರಲ್ಲಿ ಇದು ಮುಳುಗಿಹೋಗುತ್ತೆ.

ಹಾಂ, ಕೊನೇ ತಂತಿ ಆದ್ಮೇಲೆ ಕಾಯಿರಿ. ಇನ್ನೊಂದು ಸಲ... ಈಗ ಗುನುಗಿದಿರಲ್ಲ, ಅದೇ ಅಕ್ಕ, ಅದೇ ಗಾಂಧಾರ!